ಸುಳಿಗೆ ನೀರಿಳಿಯದಂತೆ

ಚಿಕ್ಕಜಾಜೂರು ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರಂ ಕೊನೆಗೆ
ನೀರಿನ ಟ್ಯಾಂಕಿನ ಮಗ್ಗುಲಲ್ಲಿ
ಕತ್ತಿಗಳನ್ನು ಕಂತೆ ಕಟ್ಟಿ ನೆಟ್ಟ ಹಾಗೆ ನಿಂತಿದೆಯಲ್ಲ,
ಅದು ಅನಾನಸ್ಸಲ್ಲ.
ದಿನಕ್ಕೊಬ್ಬರಾದರೂ ಕೇಳುತ್ತಾರೆ.
ಕತ್ತಾಳೆಯೂ ಅಲ್ಲ, ದಾಯಾದಿ ಇರಬಹುದು.
ಯಕ್ಕಾ ಅಂತ ಅದರ ಹೆಸರು.
ಯಾರಾದರೂ ಕೂಗಿದರೆ
ನಾನೇ ತಿರುಗಿ ನೋಡುವಂಥ ಹೆಸರು.

ತಂದವರು ಬಿಷ್ಟ್ ಮೇಡಂ, ಮಾಸ್ತರ ಹೆಂಡತಿ,
ಉತ್ತರದ ಬೆಟ್ಟದ ಕಡೆಯಾಕೆ.
ವರ್ಗವಾಗಿ ಬಂದಾಗ ಗಾರ್ಡಿನ ಡಬ್ಬಿಯಲ್ಲಿ
ಹಾಸಿಗೆ ಸುರುಳಿ, ಹೊಲಿಗೆ ಮಿಷನ್ನು,
ಎಣ್ಣೆ ಡಬ್ಬದಲ್ಲಿ ಈ ಮರಿ.
ಅವರೂರಲ್ಲಿ ಮೊಳಕಾಲುದ್ದ ಹಿಮ ಬೀಳುತ್ತದಂತೆ,
ಅದರಡಿ ಎರಡು ತಿಂಗಳು ಉಸಿರು ಹಿಡಿದಿದ್ದು
ಇದು ಹಸಿರಾಗಿಯೇ ಎದ್ದು ಬರುತ್ತದಂತೆ.
'ಚಳಿಗೆ ಸಾಯಲ್ಲ, ಹೊನ್ನೂರ್.
ಸಾಯೋದು ನೀರಿಗೆ, ಇಲ್ಲಿ ನಿಂತ ನೀರಿಗೆ'
ಸುಳಿ ಎಂಬ ಮಾತು ಗೊತ್ತಿರದೆ
ತಮ್ಮ ನೆತ್ತಿ ಮುಟ್ಟಿ ತೋರಿಸಿದ್ದರಂತೆ.

ಹೊನ್ನೂರಸಾಬಣ್ಣ ಹಿಮ ಕಂಡವನಲ್ಲ.
ದಾವಣಗೆರೆಯ ಹತ್ತಿ ಮಿಲ್ಲಲ್ಲಿ ಹನ್ನೊಂದು ವರ್ಷ ಇದ್ದವನು.
ರಾತ್ರಿಪಾಳಿ ಮುಗಿಸಿ ಹೊರಬಂದರೆ
ಹುಬ್ಬು, ಮೀಸೆ, ಕಿವಿಯೊಳಗಿನ ಕೂದಲೂ ಬೆಳ್ಳಗೆ,
ಇಪ್ಪತ್ತೈದರ ಹುಡುಗರೆಲ್ಲ ಮುದುಕರ ಮೆರವಣಿಗೆ.
'ಹಿಮ ಅಂದರೆ ಅದೇ ಇರಬೇಕು ಕಣವ್ವ,
ಕರಗದ ಜಾತಿಯದು' ಅಂದು ಕೆಮ್ಮುತ್ತಿದ್ದ.
ಮಿಲ್ಲು ಬಾಗಿಲು ಹಾಕಿತು. ಕೆಮ್ಮು ಹಾಕಲಿಲ್ಲ.
ಇಲ್ಲಿಗೆ ಮಾಲಿಯಾಗಿ ಬಂದ.

ನಮ್ಮ ಕಡೆ ಚಳಿ ಅಂದರೆಷ್ಟು?
ಬೆಳಗಿನ ಜಾವ ಹಳಿ ಮುಟ್ಟಿದರೆ ಬೆರಳು ಜುಂ ಅನ್ನುತ್ತದೆ, ಅಷ್ಟೆ.
ಆದರೂ ಕಾರ್ತೀಕದ ಅಮಾವಾಸ್ಯೆ ಕಳೆಯುವುದೇ ತಡ
ಗೋಣಿ, ಹಗ್ಗ ಹಿಡಿದು ಬರುವನು.
ಎಲೆಗಳನ್ನೆಲ್ಲ ಮೇಲಕ್ಕೆ ಒಟ್ಟಿ, ಎರಡೂ ಕೈಯಲ್ಲಿ ತಬ್ಬಿ,
ತಲೆ ಕೆದರಿಕೊಂಡ ಮಗಳನ್ನು ಗದರಿ ಕೂರಿಸಿ
ತುರುಬು ಕಟ್ಟಿದ ಹಾಗೆ.
ಬುಡಕ್ಕೆ ಹಳಿಯ ಜಲ್ಲಿ, ಎರಡು ಬಾಂಡ್ಲಿ.
'ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ, ಆವತ್ತು ಬಿಚ್ಚು.
ಗಂಟು ಮಾತ್ರ ಎಳೆದರೆ ಬಿಚ್ಚುವಂತಿರಲಿ.
ಗಿಡ ಕೈದಿಯಲ್ಲ.'

ಒಂದೇ ಒಂದು ಸಲ ಹೂ ಬಿಟ್ಟಿತ್ತು,
ಆಳೆತ್ತರದ ಕಡ್ಡಿಗೆ ಬಿಳೀ ಗಂಟೆಗಳು.
ಕಾಯಿ ಕಟ್ಟಲಿಲ್ಲ.
ಅದಕ್ಕೆಂದೇ ಒಂದು ಪತಂಗ ಇದೆಯಂತೆ,
ಅದು ಈ ರೈಲು ಹತ್ತಲಿಲ್ಲ.

ಈ ವರ್ಷ ವಾಯುಭಾರ ಕುಸಿತ ಅಂದರು.
ಐದು ದಿನ ಜಡಿಮಳೆ, ಕಾಲವಲ್ಲದ ಕಾಲಕ್ಕೆ.
ನಾನೋ ಕಂತ್ರಾಟಿನವಳು,
ಪ್ಲಾಟ್‌ಫಾರಂ, ಶೌಚಾಲಯ, ಗಿಡ, ಎಲ್ಲ ಒಂದೇ ಪೊರಕೆಗೆ.
ಕಟ್ಟಲಾಗಲಿಲ್ಲ.
ಭಾನುವಾರ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋದೆ.
ಹೊನ್ನೂರಸಾಬಣ್ಣನ ಪಕ್ಕೆಗೆ ನಳಿಕೆ.
'ಎದೆಯಲ್ಲಿ ನೀರು ನಿಂತಿದೆ' ಅಂದಳು ನರ್ಸು
ಮಂಚದ ಕೆಳಗಿನ ಬಾಟಲಿ ತೋರಿಸಿ. ಹಾಲಿಲ್ಲದ ಚಹಾದ ಬಣ್ಣ.
ಅವನು ನನ್ನ ಮುಖವನ್ನೇ ನೋಡಿದ.
'ಕಟ್ಟಿದೆಯಾ?'
'ಕಟ್ಟಿದೆ.'
'ಮಳೆಗೆ ಮುಂಚೆಯೋ?'
'ಹೂಂ, ಮುಂಚೆಯೇ.'

ಸಂಜೆ ಪ್ಯಾಸೆಂಜರ್ ಇಳಿದವಳೇ
ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು
ಎಲೆ ಎಲೆ ಬಗ್ಗಿಸಿ ನೀರು ಕೊಡವಿದೆ.
ಸುಳಿಯಲ್ಲಿ ಬೆರಳಿಟ್ಟೆ. ತಣ್ಣಗೆ, ಒಂದು ಗುಟುಕಿನಷ್ಟು.
ಸೆರಗಿನ ತುದಿ ಹೊಸೆದು ಬತ್ತಿಯಂತೆ ಇಳಿಸಿದೆ,
ಹಿಂಡಿದೆ, ಮತ್ತೆ ಇಳಿಸಿದೆ.
ಮೊನೆ ಮುಂಗೈ ಗೀರಿತು. ಗೀರಲಿ.
ಮೂಗಿಟ್ಟು ನೋಡಿದೆ, ಕೊಳೆತ ವಾಸನೆ ಇಲ್ಲ.
ಇನ್ನೂ ಇಲ್ಲ.
ಗೋಣಿ ಸುತ್ತಿ ಗಂಟು ಹಾಕಿ
ಒಮ್ಮೆ ಎಳೆದು ಬಿಚ್ಚಿ ನೋಡಿ ಮತ್ತೆ ಹಾಕಿದೆ.
ಶಿವರಾತ್ರಿಗೆ ಎಪ್ಪತ್ತೆರಡು ದಿನ.

ಅದಿರಿನ ಗೂಡ್ಸು ದಡಬಡ ಹಾದು
ಹಸಿ ಗೋಣಿಯ ಮೇಲೆ ಕೆಂಪು ಕೂತಿತು.
ಕಡ್ಲೆಕಾಯಿ ಓಬಳೇಶಿ ಆ ತುದಿಯಿಂದ ಕೂಗಿದ,
'ಯಕ್ಕಾ, ಕಡೇ ಬಸ್ಸು!'
ಯಾರನ್ನು ಕರೆದನೋ.
ಇಬ್ಬರೂ ಅಲುಗಲಿಲ್ಲ.